ಅಫೀಮಿನ ಸೆರೆಯಿಂದ ಮನೆಗೆ

1971ರ ಜೂನ್ ತಿಂಗಳು. ವಿಯೆಟ್ನಾಮಿನ ಯುದ್ಧಭೂಮಿಯಲ್ಲಿ ತಮ್ಮ ಅವಧಿಯನ್ನು ಮುಗಿಸಿ ತಾಯ್ನಾಡಿಗೆ ಹೊರಟ ಅಮೆರಿಕದ ಸೈನಿಕರು ವಿಮಾನವನ್ನೇರುವ ಮುನ್ನ ಮೂತ್ರಪರೀಕ್ಷೆಗೆ ಒಳಗಾಗಬೇಕೆಂಬ ಏರ್ಪಾಟು ಜಾರಿಗೆ ಬಂದಿತು. ಪರೀಕ್ಷೆಯಲ್ಲಿ ಹೆರಾಯಿನ್ನಿನ ಸುಳಿವು ಕಂಡುಬಂದವನಿಗೆ ಕೂಡಲೆ ಪ್ರಯಾಣವಿಲ್ಲ. ಕೆಲವು ದಿನ ಅಲ್ಲಿಯೇ ನಿಂತು, ಶರೀರದಿಂದ ಆ ವಿಷವಿಳಿದ ಮೇಲೆಯೇ ಅವನು ಹೊರಡಬೇಕು.

ಅಮೆರಿಕದ ಜನತೆ ಆಗ ಭಯಗೊಂಡಿದ್ದುದು ಸಹಜವೇ. ವಿಯೆಟ್ನಾಮಿನಲ್ಲಿ ಹೆರಾಯಿನ್ ಬಲು ಅಗ್ಗ. ಸಿಗರೇಟಿನಲ್ಲಿ ಬೆರೆಸಿ ಸೇದುವಷ್ಟು ಸುಲಭ. ಅದಕ್ಕೆ ದಾಸರಾದ ಸಾವಿರಾರು ಯುವಕರು ಊರೂರಿಗೆ ಮರಳಿದರೆ ಗತಿಯೇನು?

ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಎಂಬ ವಿದುಷಿ, ಆ ವರ್ಷದ ಸೆಪ್ಟೆಂಬರಿನಲ್ಲಿ ಮರಳಿದ ನೂರಾರು ಸೈನಿಕರನ್ನು ಅವರವರ ಊರುಗಳಲ್ಲಿ ಹುಡುಕಿಸಿ ವಿಚಾರಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಲ್ಲಿ ಅಫೀಮನ್ನೋ ಹೆರಾಯಿನ್ನನ್ನೋ ಒಮ್ಮೆಯಾದರೂ ಸೇವಿಸಿದ್ದರು. ನೂರಕ್ಕೆ 20ರಷ್ಟು ಜನ ಅದಕ್ಕೆ ದಾಸರಾಗಿದ್ದುದಾಗಿ ಒಪ್ಪಿಕೊಂಡರು. ಆದರೆ ಹೀಗೆ ದಾಸರಾಗಿದ್ದವರಲ್ಲಿ, ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ಆ ಸೆರೆಗೆ ಸಿಕ್ಕಿದವರು ನೂರಕ್ಕೆ ಸುಮಾರು ಐವರು ಮಾತ್ರ! ಮೂರು ವರ್ಷಗಳ ಲೆಕ್ಕ ಹಿಡಿದರೂ ಆ ಸಂಖ್ಯೆ ಸುಮಾರು 12ಕ್ಕೆ ನಿಂತಿತು.

ಇದೇ ಅಮೆರಿಕದ ಕೆಂಟಕಿ ಪ್ರಾಂತದ ಲೆಕ್ಸಿಂಗ್ಟನ್ನಿನಲ್ಲಿ ವ್ಯಸನಿಗಳಿಗಾಗಿಯೇ 1935ರಲ್ಲಿ ಸರ್ಕಾರವು ಒಂದು ದೊಡ್ಡ ಆಸ್ಪತ್ರೆಯನ್ನು ತೆರೆದಿತ್ತು. ಅಲ್ಲಿ ತಿಂಗಳುಗಟ್ಟಲೆ ಇದ್ದು, ಗುಣವಾಯಿತೆಂದು ಮನೆಗೆ ಹೋದವರಲ್ಲಿ ಬಹುಪಾಲು ಜನ ಸ್ವಲ್ಪ ಕಾಲದಲ್ಲಿಯೇ ಮತ್ತೆ ಹಳೆಯ ಹಾದಿಯನ್ನು ಹಿಡಿಯುತ್ತಿದ್ದರು. ಅವರು ಬಹುಕಾಲದ ವ್ಯಸನಿಗಳೆಂಬುದು ನಿಜ. ಆದರೂ ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಸೈನಿಕನು ಅಮಲಿನ ನೆಲವನ್ನೂ, ಅಲ್ಲಿನ ಭಯವನ್ನೂ ಬೇಸರವನ್ನೂ ಕಡಲಾಚೆ ಬಿಟ್ಟು, ತಂದೆತಾಯಿಗಳ ಬಳಿಗೆ, ಕೆಲಸಕಾರ್ಯಗಳಿಗೆ ಮರಳಿದನು. ಲೆಕ್ಸಿಂಗ್ಟನ್ನಿನ ರೋಗಿಯಾದರೋ ಯಾವ ಬೀದಿಯಲ್ಲಿ ಕೆಟ್ಟಿದ್ದನೋ ಅದೇ ಬೀದಿಗೆ, ಅದೇ ಗೆಳೆಯರ ನಡುವೆ ಹಿಂದಿರುಗಿದನು. ವಿಷವನ್ನು ಇಳಿಸಿದ ಮಾತ್ರಕ್ಕೆ ವ್ಯಸನ ಇಳಿಯುವುದಿಲ್ಲವೆಂಬ ಪಾಠ ಇಲ್ಲಿದೆ.

ದಾಸ್ಯದ ಮೂಲ

ಹಬ್ಬದ ದಿನ ನಮ್ಮ ಮನೆಗಳಲ್ಲಿ ಪಾಯಸವಾಗುವ ಗಸಗಸೆ ಯಾವ ಗಿಡದ ಬೀಜವೋ, ಅದೇ ಗಿಡದ ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾಗಿ ಅಫೀಮಾಗುತ್ತದೆ. ಅಫೀಮಿನ ಸಾರವೇ ಮಾರ್ಫಿನ್. ಮಾರ್ಫಿನ್ನನ್ನು ಮಾರ್ಪಡಿಸಿದ ಹೆರಾಯಿನ್ 1898ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯಿಂದ ಕೆಮ್ಮಿನ ಔಷಧವಾಗಿ ಮಾರಾಟಕ್ಕೆ ಬಂದಿತ್ತೆಂದರೆ ಇಂದು ಆಶ್ಚರ್ಯವಾಗುತ್ತದೆ.

ಈ ಮದ್ದು ಮನುಷ್ಯನನ್ನು ಇಷ್ಟು ಬಿಗಿಯಾಗಿ ಹಿಡಿಯುವುದೇಕೆ? ಇವನ್ನು ಗ್ರಹಿಸುವ ವಿಶಿಷ್ಟ ತಾಣಗಳು ಮಿದುಳಿನಲ್ಲಿ ಇವೆಯೆಂಬುದು 1973ರಲ್ಲಿ ದೃಢಪಟ್ಟಿತು. ಅವೇ ತಾಣಗಳಿಗಾಗಿ ಮಿದುಳು ತಾನೇ ನೋವುನಿವಾರಕ ರಸಗಳನ್ನು ಉತ್ಪತ್ತಿ ಮಾಡುತ್ತದೆಂಬುದು 1975ರಲ್ಲಿ ತಿಳಿಯಿತು. ಹೊರಗಿನ ಮದ್ದು ದಿನವೂ ಬಂದು ಆ ತಾಣಗಳನ್ನು ಆಕ್ರಮಿಸಿದರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ನಿನ್ನೆಯ ಪ್ರಮಾಣ ಇಂದಿಗೆ ಸಾಲದು. ಮದ್ದು ತಪ್ಪಿದರೆ ಶರೀರವೇ ಬಂಡೇಳುತ್ತದೆ. ಮೊದಲು ಸುಖಕ್ಕಾಗಿ ಸೇವಿಸಿದವನು ಕಡೆಗೆ ಯಾತನೆಯನ್ನು ತಪ್ಪಿಸಿಕೊಳ್ಳಲೆಂದೇ ಸೇವಿಸತೊಡಗುತ್ತಾನೆ.

ರುಚಿ ನೋಡಿದವರೆಲ್ಲರೂ ದಾಸರಾಗುವುದಿಲ್ಲ. ವಂಶದಿಂದ ಬಂದ ದೌರ್ಬಲ್ಯ, ಬಾಲ್ಯದಲ್ಲಿ ಉಂಡ ದುಃಖ, ಗುರುತಿಸದೆ ಬಿಟ್ಟ ಮನೋವ್ಯಾಧಿ, ಸಹವಾಸ, ಮದ್ದಿನ ಸುಲಭ ಲಭ್ಯತೆ ಇವೆಲ್ಲ ಸೇರಿ ಒಬ್ಬನನ್ನು ಕೆಡವುತ್ತವೆ. ವಿವೇಚನೆಗೆ ಸಂಬಂಧಿಸಿದ ಮಿದುಳಿನ ಭಾಗ ಪಕ್ವವಾಗಲು ಸುಮಾರು 25 ವರ್ಷ ಬೇಕಾಗುವುದರಿಂದ, ಹದಿಹರೆಯದಲ್ಲಿ ಆರಂಭಿಸಿದವನಿಗೆ ಅಪಾಯ ಹೆಚ್ಚು.

ಮನೆಯವರ ಕಣ್ಣಿಗೆ ಬೀಳುವ ಚಿಹ್ನೆಗಳು

ಹೆರಾಯಿನ್ನಿನ ಅಮಲಿನಲ್ಲಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಕುಳಿತಲ್ಲಿಯೇ ತೂಕಡಿಕೆ ಬರುತ್ತದೆ. ಅಮಲು ಇಳಿದಾಗ ಶೀತವಾದವನಂತೆ ಮೂಗು ಕಣ್ಣುಗಳಲ್ಲಿ ನೀರು, ಎಡೆಬಿಡದ ಆಕಳಿಕೆ, ಮೈ ನವಿರೇಳುವುದು, ಮೈಕೈ ನೋವು, ಭೇದಿ, ನಿದ್ರಾಹೀನತೆ. ಗಾಂಜಾ ಸೇದಿದವನ ಕಣ್ಣು ಕೆಂಪೇರುತ್ತದೆ.

ನಡತೆಯ ಚಿಹ್ನೆಗಳು ಯಾವ ಮಾದಕವಸ್ತುವಿಗಾದರೂ ಬಹುಮಟ್ಟಿಗೆ ಒಂದೇ. ಹಳೆಯ ಗೆಳೆಯರು ದೂರವಾಗುತ್ತಾರೆ. ಓದಿನಲ್ಲಿಯೂ ಆಟದಲ್ಲಿಯೂ ಆಸಕ್ತಿ ಕುಂದುತ್ತದೆ. ಸ್ನಾನ, ಊಟ, ನಿದ್ರೆಗಳು ಹೊತ್ತುಗೆಡುತ್ತವೆ. ಮನೆಯ ಹಣ, ಒಡವೆಗಳು ಕಾಣೆಯಾಗುತ್ತವೆ. ಇವುಗಳಲ್ಲಿ ಒಂದೆರಡನ್ನು ಕಂಡ ಮಾತ್ರಕ್ಕೆ ಮಗನ ಮೇಲೆ ಅಪವಾದ ಹೊರಿಸುವುದು ತರವಲ್ಲ. ಖಿನ್ನತೆಯಂತಹ ಬೇರೆ ಕಾಯಿಲೆಯಲ್ಲಿಯೂ ಇಂತಹ ಬದಲಾವಣೆಗಳು ಉಂಟಾಗಬಹುದು. ಎರಡಕ್ಕೂ ವೈದ್ಯರ ಸಲಹೆ ಅಗತ್ಯವಾದುದರಿಂದ ಸುಮ್ಮನಿರುವುದಂತೂ ತಪ್ಪು.

ಚಿಕಿತ್ಸೆಯ ಮೂರು ಹಂತಗಳು

ಮೊದಲನೆಯದು ಶರೀರದಿಂದ ವಿಷವನ್ನಿಳಿಸುವುದು. ಹೆರಾಯಿನ್ ಬಿಟ್ಟವನ ತೀವ್ರ ಯಾತನೆ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನಗಳಲ್ಲಿ ತಗ್ಗುತ್ತದೆ. ವೈದ್ಯರ ಔಷಧದಿಂದ ಅದನ್ನು ಬಹಳಷ್ಟು ಕಡಿಮೆ ಮಾಡಬಹುದು. ಮದ್ಯವನ್ನೋ ನಿದ್ರೆಯ ಮಾತ್ರೆಗಳನ್ನೋ ವರ್ಷಗಟ್ಟಲೆ ವಿಪರೀತವಾಗಿ ಸೇವಿಸಿದವನು ಥಟ್ಟನೆ ನಿಲ್ಲಿಸಿದರೆ ಸೆಳವು, ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುವ ಸಾಹಸ ಸಲ್ಲದು.

ಎರಡನೆಯದು ಔಷಧದ ಆಸರೆ. ನ್ಯೂಯಾರ್ಕಿನ ವೈದ್ಯರಾದ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಅವರು 1960ರ ದಶಕದಲ್ಲಿ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಔಷಧವನ್ನು ದಿನವೂ ಕೊಟ್ಟು, ಅವರು ಉದ್ಯೋಗಕ್ಕೂ ಸಂಸಾರಕ್ಕೂ ಮರಳುವಂತೆ ಮಾಡಿದರು. ಭಾರತದಲ್ಲಿ ಬ್ಯೂಪ್ರೆನಾರ್ಫಿನ್ ಎಂಬ ಔಷಧವೂ ಬಳಕೆಯಲ್ಲಿದೆ. ಒಂದು ಚಟವನ್ನು ಬಿಡಿಸಿ ಇನ್ನೊಂದನ್ನು ಅಂಟಿಸಿದಂತಾಯಿತೆಂದು ಆಕ್ಷೇಪಿಸುವವರುಂಟು. ಮಧುಮೇಹಿಯು ದಿನವೂ ಇನ್ಸುಲಿನ್ ತೆಗೆದುಕೊಂಡರೆ ಅದನ್ನು ಯಾರೂ ಚಟವೆನ್ನುವುದಿಲ್ಲವಷ್ಟೆ.

ಮೂರನೆಯದೇ ಅತಿ ದೀರ್ಘವಾದುದು: ಆಪ್ತಸಲಹೆ, ಕೆಲಸ, ಹೊಸ ಸಹವಾಸ, ಕಾಲಕಾಲಕ್ಕೆ ವೈದ್ಯರ ಭೇಟಿ. ನಮ್ಮ ನಾಡಿನಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ, ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಸೇರಿ ಪರಸ್ಪರ ಧೈರ್ಯ ಹೇಳಿಕೊಳ್ಳುತ್ತಾರೆ. ಆಸರೆಯ ಬೆಲೆಯನ್ನರಿತ ಏರ್ಪಾಟು ಇದು.

ಮರುಕಳಿಸಿದಾಗ

ಬಿಟ್ಟವನು ಮತ್ತೆ ಮುಟ್ಟುವುದು ಅಪರೂಪವಲ್ಲ. ವಿಯೆಟ್ನಾಮಿನಲ್ಲಿ ದಾಸರಾಗಿದ್ದವರಲ್ಲಿಯೂ ಸುಮಾರು ಅರ್ಧದಷ್ಟು ಜನ ಊರಿನಲ್ಲಿ ಮತ್ತೆ ಹೆರಾಯಿನ್ ಮುಟ್ಟಿದ್ದುಂಟು. ಆದರೂ ಹೆಚ್ಚಿನವರು ಪುನಃ ದಾಸರಾಗಲಿಲ್ಲ. ಒಮ್ಮೆ ಜಾರಿದವನನ್ನು ಹೊರದಬ್ಬಬಾರದೆಂಬುದಕ್ಕೆ ಇನ್ನೂ ಗಂಭೀರವಾದ ಕಾರಣವಿದೆ. ಕೆಲವು ವಾರ ಮದ್ದಿಲ್ಲದೆ ಇದ್ದ ಶರೀರಕ್ಕೆ ಹಿಂದಿನ ಸಹನಶಕ್ತಿ ಇರುವುದಿಲ್ಲ. ಹಳೆಯ ಪ್ರಮಾಣವನ್ನೇ ಗುಟ್ಟಾಗಿ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಚಿಕಿತ್ಸೆಯಿಂದಲೋ ಸೆರೆಮನೆಯಿಂದಲೋ ಹೊರಬಂದ ಮೊದಲ ವಾರಗಳು ಪ್ರಾಣಕ್ಕೆ ಅತ್ಯಂತ ಅಪಾಯದವು. ಅಂತಹವನು ಎಚ್ಚರ ತಪ್ಪಿ, ಉಸಿರು ಕ್ಷೀಣಿಸಿ, ತುಟಿ ನೀಲಿಗಟ್ಟಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ನಲಾಕ್ಸೋನ್ ಎಂಬ ಮದ್ದು ನಿಮಿಷಗಳಲ್ಲಿ ಅವನನ್ನು ಬದುಕಿಸಬಲ್ಲುದು. ಏಕಾಂತವೂ ಗುಟ್ಟೂ ಕೊಲ್ಲುವುದು ಇಂತಹ ಗಳಿಗೆಯಲ್ಲಿಯೇ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಚಿಕಿತ್ಸೆ ದೊರೆತಿತ್ತು; ಕಾನೂನುಬಾಹಿರ ಮಾದಕವಸ್ತುಗಳಿಗೆ ದಾಸರಾದ 20 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ದೊರೆತಿತ್ತು. ಉಳಿದವರನ್ನು ತಡೆದವುಗಳಲ್ಲಿ ಮಾನಾಪಮಾನದ ಭೀತಿಯೂ ಒಂದು. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಮಾತನ್ನು ನಂಬಿ ಎಷ್ಟು ಮನೆಗಳು ಏನೂ ಅರಿಯದ ಹೆಣ್ಣುಮಗಳ ಕೊರಳಿಗೆ ಆ ಸಂಕಟವನ್ನು ಕಟ್ಟಿವೆಯೋ! ಮದುವೆ ಔಷಧವಲ್ಲ, ವಧು ದಾದಿಯಲ್ಲ.

ಪೊಲೀಸರ ಭಯದಿಂದ ಚಿಕಿತ್ಸೆಗೆ ಹಿಂಜರಿಯುವವರೂ ಉಂಟು. 1985ರ ಮಾದಕವಸ್ತುಗಳ ಕಾನೂನೇ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಗುರಿಯಾದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. 14446 ಎಂಬ ರಾಷ್ಟ್ರೀಯ ದೂರವಾಣಿ ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು.

ಚಟ ಚಟ್ಟಕ್ಕೇರಿಸುತ್ತದೆಂದು ಹಿರಿಯರು ಎಚ್ಚರಿಸಿದ್ದಾರೆ. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಮಗನ ಮುಖದ ಮೇಲೆ ಶಾಪದಂತೆ ಎಸೆದರೆ ಪ್ರಯೋಜನವಿಲ್ಲ. "ನಿನಗೆ ಕಾಯಿಲೆಯಾಗಿದೆ, ನಾಳೆ ವೈದ್ಯರಲ್ಲಿಗೆ ಹೋಗೋಣ, ನಾನೂ ಬರುತ್ತೇನೆ" ಎಂದು ತಂದೆ ಹೇಳಿದ ದಿನವೇ ಚಿಕಿತ್ಸೆ ಆರಂಭವಾಯಿತೆಂದು ತಿಳಿಯಬಹುದು.