ಶಿವಕಾಲದ ಹೊನ್ನು ಖೋಟಾ ಹೊರಟರೆ ರೊಕ್ಕ ವಾಪಸ್ ಉಂಟೇ?

ಅಕ್ಕಲಕೋಟ: ಒಂದು ಬದಿಗೆ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿಗೆ ‘ಛತ್ರಪತಿ’. ಶಿವಾಜಿ ಮಹಾರಾಜರ ಬಂಗಾರದ ಹೊನ್ನಿನ ಮೇಲೆ ಇರುವ ಅಕ್ಷರಗಳು ಇವು. ಮರಾಠಿ ಶಾಲೆ ಮೆಟ್ಟಿಲು ಹತ್ತಿದ ಗಡಿಭಾಗದ ಯಾರಿಗಾದರೂ ಓದಲು ಬರುತ್ತವೆ. ಓದಲು ಬಂತು ಎಂದರೆ ನಂಬಿಕೆಯೂ ಬಂತು. ಖೋಟಾ ಹೊನ್ನು ಮಾರುವವರಿಗೆ ಬೇಕಾದದ್ದೂ ಅದೇ.

ಅಕ್ಕಲಕೋಟ ತಾಲೂಕಿನ ಒಬ್ಬ ನಿವೃತ್ತ ಮಾಸ್ತರರು ವಿಜಯಪುರದ ಅಂಗಡಿಯೊಂದರಲ್ಲಿ ಇಂಥ ಹೊನ್ನು ಕೊಂಡರು ಎಂದಿಟ್ಟುಕೊಳ್ಳಿ. ‘ಮಾಸ್ತರ್ರ, ಅಸಲಿ ಶಿವಕಾಲದ್ದರೀ. ಖೋಟಾ ಇದ್ರ ನನ್ನ ಹೆಸರ ಬದಲ ಮಾಡ್ರಿ’ ಎಂದ ಅಂಗಡಿಕಾರ. ಬಂಗಾರದ ದರದ ಎರಡು ಪಟ್ಟಿಗೂ ಹೆಚ್ಚು, 1 ಲಕ್ಷ 20 ಸಾವಿರ ರೂಪಾಯಿ ಎಣಿಸಿ ಕೊಟ್ಟದ್ದಾಯಿತು. ಎಂಟು ತಿಂಗಳು ಜಗಲಿ ಮೇಲೆ ದೇವರ ಜೊತೆ ಪೂಜೆಯೂ ಆಯಿತು. ಆಮೇಲೆ ಸೋಲಾಪುರದಲ್ಲಿ ಹಳೇ ನಾಣ್ಯ ಬಲ್ಲವರ ಕೈಗೆ ಕೊಟ್ಟರೆ ಬಂದ ಉತ್ತರ: ‘ಬಂಗಾರ ಖರೇ ಐತ್ರಿ, ಹೊನ್ನ ಖರೇ ಅಲ್ಲ. ಇತ್ತೀಚಿಗೆ ಒತ್ತಿದ್ದು.’

ಮಾಸ್ತರರು ಪಾವತಿ ಚೀಟಿ ತೆಗೆದು ನೋಡಿದರು. ಅದರಲ್ಲಿ ಇದ್ದದ್ದು ‘ಬಂಗಾರದ ನಾಣ್ಯ, 1 ನಗ’. ಅಷ್ಟೇ.

ಇಲ್ಲಿಂದಲೇ ತೊಡಕು ಶುರು. ಯಾವ ವರ್ಣನೆ ಹೇಳಿ ಮಾಲು ಮಾರಿದ್ದಾರೋ ಮಾಲು ಅದೇ ಆಗಿರಬೇಕು, ಇದು 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಮು. ಚೀಟಿಯಲ್ಲಿ ‘ಶಿವಕಾಲದ ಹೊನ್ನು’ ಎಂದು ಬರೆದಿದ್ದರೆ ಕರಾರು ಮುರಿದದ್ದು ಕಾಗದದ ಮೇಲೇ ಕಾಣುತ್ತಿತ್ತು. ಈಗ ಅಂಗಡಿಕಾರ ‘ಬಂಗಾರದ ನಾಣ್ಯ ಅಂತ ಬರದೀನಿ, ಬಂಗಾರದ್ದ ಕೊಟ್ಟೀನಿ’ ಎನ್ನಬಹುದು. ಬಾಯಿಮಾತಿಗೂ ಕಾನೂನಿನಲ್ಲಿ ಬೆಲೆ ಇದೆ. ಆದರೆ ಅದನ್ನು ಸಾಬೀತು ಮಾಡುವ ಭಾರ ಕೊಂಡವರದು. ಜೊತೆಗಿದ್ದ ಸಾಕ್ಷಿ, ಫೋನಿಗೆ ಬಂದ ಸಂದೇಶ, ಅಂಗಡಿಯ ಜಾಹೀರಾತು, ಯಾವುದಾದರೂ ಬೇಕು. ಕೊಟ್ಟ ದರವೂ ಒಂದು ಸಾಕ್ಷಿಯೇ. ಬರೀ ಬಂಗಾರಕ್ಕೆ ಎರಡು ಪಟ್ಟು ಹಣ ಯಾರು ಕೊಡುತ್ತಾರೆ?

ಮಾತಿನಲ್ಲೂ ಫರಕು ಇದೆ. ‘ಬಾಳ ಹಳೇದ ಇದ್ದಂಗ ಕಾಣಸ್ತೈತ್ರಿ’ ಎಂದರೆ ಅದು ಬರೀ ಅಭಿಪ್ರಾಯ. ‘ಶಿವಕಾಲದ್ದು’ ಎಂದರೆ ಸಂಗತಿ. ಸುಳ್ಳೆಂದು ಗೊತ್ತಿದ್ದೂ ಹಾಗೆ ಹೇಳಿ ಮಾರಿದರೆ 1872ರ ಕರಾರು ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ವಂಚನೆ. ಆಗ ಕರಾರು ರದ್ದು ಮಾಡುವ ಹಕ್ಕು ಕೊಂಡವರಿಗೆ ಬರುತ್ತದೆ. ನಾಣ್ಯ ಅವರಿಗೆ, ರೊಕ್ಕ ಇವರಿಗೆ. ‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’ ಎಂದು ಚೀಟಿಯ ಬುಡದಲ್ಲಿ ಅಚ್ಚು ಹಾಕಿದ್ದು ವಂಚಕನನ್ನು ಕಾಯುವುದಿಲ್ಲ.

ಇನ್ನೊಂದು ಪ್ರಶ್ನೆ ಆ ಎಂಟು ತಿಂಗಳದ್ದು. ನಮ್ಮ 1930ರ ಕಾಯ್ದೆ ಇಂಗ್ಲೆಂಡಿನ 1893ರ ಕಾಯ್ದೆಯ ಮಾದರಿಯಲ್ಲಿ ಆದದ್ದು, ಹೀಗಾಗಿ ಅಲ್ಲಿಯ ಒಂದು ಖಟ್ಲೆ ಇಲ್ಲಿಯ ಕಾನೂನು ವಿದ್ಯಾರ್ಥಿಗಳೂ ಓದುತ್ತಾರೆ. 1944ರಲ್ಲಿ ಲೀಫ್ ಎಂಬುವರು ಇಂಟರ್‌ನ್ಯಾಷನಲ್ ಗ್ಯಾಲರೀಸ್ ಅಂಗಡಿಯಿಂದ ಸಾಲ್ಸ್‌ಬರಿ ಕೆಥೆಡ್ರಲ್‌ನ ಒಂದು ಚಿತ್ರ ಕೊಂಡರು. ಬೆಲೆ 85 ಪೌಂಡ್. ಪ್ರಸಿದ್ಧ ಕಲಾವಿದ ಜಾನ್ ಕಾನ್‌ಸ್ಟೇಬಲ್ ಬರೆದದ್ದು ಎಂದು ಹೇಳಿ ಮಾರಿದ್ದರು. ಐದು ವರ್ಷದ ನಂತರ ಹರಾಜಿಗೆ ಒಯ್ದಾಗ ಅದು ಕಾನ್‌ಸ್ಟೇಬಲ್‌ನದಲ್ಲ ಎಂದು ಗೊತ್ತಾಯಿತು. ಅಂಗಡಿಯವರು ಬೇಕೆಂದೇ ಸುಳ್ಳು ಹೇಳಿರಲಿಲ್ಲ. ಲೀಫ್ ಕೇಳಿದ್ದು ಇಷ್ಟೇ, ಚಿತ್ರ ತಗೊಳ್ಳಿ, ಹಣ ಕೊಡಿ. 1950ರಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಒಪ್ಪಲಿಲ್ಲ. ಐದು ವರ್ಷ ಗೋಡೆಗೆ ಹಾಕಿಕೊಂಡ ಮೇಲೆ ಮಾಲು ಒಪ್ಪಿಕೊಂಡ ಹಾಗೆಯೇ ಎಂದಿತು. ನಷ್ಟ ಪರಿಹಾರ ಕೇಳುವ ದಾರಿ ಇತ್ತು, ಲೀಫ್ ಅದನ್ನು ಕೇಳಿರಲಿಲ್ಲ. ಪಾಪ, ಕೈಗೆ ಏನೂ ಹತ್ತಲಿಲ್ಲ.

ನಮ್ಮಲ್ಲೂ 42ನೇ ಕಲಮು ಇದನ್ನೇ ಹೇಳುತ್ತದೆ. ಬೇಡ ಎಂದು ತಿಳಿಸದೆ ಯೋಗ್ಯ ಕಾಲ ಮೀರಿ ಇಟ್ಟುಕೊಂಡರೆ ಮಾಲು ಒಪ್ಪಿದಂತೆ. ಆಮೇಲೆ ಪೂರ್ತಿ ಹಣದ ಮಾತಿಲ್ಲ, ನಷ್ಟ ಪರಿಹಾರ ಮಾತ್ರ. ವಂಚನೆ ಸಾಬೀತಾದರೆ ಮಾತ್ರ ಬೇರೆ. ಆಗ ದಾವೆಯ ಮುದ್ದತು ಲೆಕ್ಕ ಹಾಕುವುದು ಕೊಂಡ ದಿನದಿಂದ ಅಲ್ಲ, ವಂಚನೆ ತಿಳಿದ ದಿನದಿಂದ. ಆದ್ದರಿಂದ ಮಾಸ್ತರರು ಪರೀಕ್ಷೆ ಮಾಡಿದವರ ಅಭಿಪ್ರಾಯ ಬರಹದಲ್ಲಿ ಪಡೆದು, ತಡ ಮಾಡದೆ ರಿಜಿಸ್ಟರ್ ಅಂಚೆಯಲ್ಲಿ ‘ಮಾಲು ಒಪ್ಪಿಲ್ಲ, ಹಣ ವಾಪಸ್ ಕೊಡಿ, ಇಲ್ಲದಿದ್ದರೆ ನಷ್ಟ ಪರಿಹಾರ’ ಎಂದು ಎರಡನ್ನೂ ಬರೆದು ಕಳಿಸಬೇಕು. ನಾಣ್ಯ ಹೊತ್ತು ವಿಜಯಪುರಕ್ಕೆ ಓಡುವ ಜರೂರಿಲ್ಲ. ಮಾಲು ತಿರಸ್ಕರಿಸುವ ಹಕ್ಕಿದ್ದವರು ತಿಳಿಸಿದರೆ ಸಾಕು ಎನ್ನುತ್ತದೆ 43ನೇ ಕಲಮು. ‘ತೋರಸ್ರಿ, ನೋಡಿ ಹೇಳ್ತೀನಿ’ ಎಂದು ಅಂಗಡಿಕಾರ ಇಸಿದುಕೊಂಡರೆ ಪುರಾವೆಯೇ ಹೋದಂತೆ.

ಗಡಿ ದಾಟಿ ಕೊಂಡದ್ದು, ಕೋರ್ಟಿಗೂ ಗಡಿ ದಾಟಬೇಕೇ? ಗ್ರಾಹಕ ಆಯೋಗಕ್ಕಾದರೆ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೊಂಡವರು ತಾವಿರುವ ಜಿಲ್ಲೆಯಲ್ಲೇ ತಕ್ರಾರು ಕೊಡಬಹುದು. ಅಂಗಡಿ ವಿಜಯಪುರದ್ದಾದರೂ ಖಟ್ಲೆ ಸೋಲಾಪುರದಲ್ಲಿ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಮುದ್ದತು 2 ವರ್ಷ. ಕನ್ನಡ ಚೀಟಿಗೆ ಮರಾಠಿ ಭಾಷಾಂತರ ಲಗತ್ತಿಸಿದರೆ ಓಡಾಟ ಕಡಿಮೆ. ಚೀಟಿಯನ್ನೇ ಕೊಡದ ಅಂಗಡಿಯ ನಡವಳಿಕೆಯೂ ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಆದರೆ ಒಂದು ಅಡ್ಡಿ: ‘ಇವತ್ತ ತಗೊಂಡ ನಾಳೆ ಡಬಲ್ ದರಕ್ಕ ಮಾರೂಣು’ ಎಂದು ಲಾಭಕ್ಕೆ ಕೊಂಡವರು ಗ್ರಾಹಕರಲ್ಲ. ಅಂಥವರಿಗೆ ಸಿವಿಲ್ ಕೋರ್ಟೇ ಗತಿ, ಅಲ್ಲಿ 3 ವರ್ಷ. ಬೇಕೆಂದೇ ಮೋಸ ಮಾಡಿದ್ದರೆ ಪೊಲೀಸ್ ಫಿರ್ಯಾದಿಯೂ ಉಂಟು. 2024ರ ಜುಲೈ 1ರಿಂದ ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು, ಹಿಂದಿನ 420.

‘ಹೊಲ ಉಳುವಾಗ ಸಿಕ್ಕದ್ದು’ ಎಂದು ಗುಟ್ಟಾಗಿ ತರುವವರ ಕಥೆ ಇನ್ನೂ ಮಜಾ. 1878ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಸಿಕ್ಕ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕು. ಅವನ ಮಾತು ಖರೇ ಇದ್ದರೆ ಮಾರುವ ಹಾಗಿಲ್ಲ, ಸುಳ್ಳಿದ್ದರೆ ಮಾಲು ಖೋಟಾ. ಅಂಗಡಿ ಇಟ್ಟು 100 ವರ್ಷ ದಾಟಿದ ಪುರಾತನ ವಸ್ತು ಮಾರುವವರಿಗೂ 1972ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಕೇಳಿ ನೋಡುವುದರಲ್ಲಿ ತಪ್ಪೇನಿಲ್ಲ.

ಮತ್ತೆ ಚೀಟಿಗೆ ಬರೋಣ. ‘ಶಿವಕಾಲದ ಅಸಲಿ ಹೊನ್ನು, ಖೋಟಾ ಹೊರಟರೆ ಪೂರ್ತಿ ಹಣ ವಾಪಸ್’ ಎಂದು ಬರೆಸಿ ಸಹಿ ಶಿಕ್ಕಾ ಹಾಕಿಸಿಕೊಳ್ಳಲು ಎರಡು ನಿಮಿಷ ಸಾಕು. ‘ಅಷ್ಟೆಲ್ಲ ಯಾಕ ಬರೀಬೇಕ್ರಿ ಮಾಸ್ತರ್ರ, ನಂಬಿಕಿ ಇಲ್ಲೇನ’ ಎಂದರೆ, ತರಿಸಿದ ಚಹಾ ಕುಡಿದು ಅಕ್ಕಲಕೋಟ ಬಸ್ಸು ಹಿಡಿಯಬಹುದು.