ರೈಲು ಗೇಟಿನ ಸಂಜ್ಞೆಗಳು

ರಸ್ತೆಯೂ ರೈಲುಹಳಿಯೂ ಸಮಮಟ್ಟದಲ್ಲಿ ಸಂಧಿಸುವೆಡೆಯಲ್ಲಿ ಗೇಟು ಮುಚ್ಚಿತೆಂದರೆ ನಮ್ಮಲ್ಲಿ ಬಹುಮಂದಿಗೆ ಬೇಸರ. ಆ ಗೇಟು ಇಂಜಿನ್ನಿನ ಚಾಲಕನಿಗೂ ಸಂಬಂಧಪಟ್ಟುದೆಂಬುದನ್ನು ಬಲ್ಲವರು ವಿರಳ.

ಮೊದಲು ಚಾಲಕನ ಸ್ಥಿತಿಯನ್ನು ವಿಚಾರಿಸೋಣ. ಎತ್ತಿನ ಗಾಡಿಯವನು ಹಗ್ಗವನ್ನೆಳೆದರೆ ಗಾಡಿ ನಿಲ್ಲುವುದು. ಮೋಟಾರಿನವನು ಪಕ್ಕಕ್ಕೆ ತಿರುಗಿಸಿಕೊಂಡಾನು. ರೈಲುಬಂಡಿಗೆ ಪಕ್ಕವೆಂಬುದೇ ಇಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಅಲ್ಪವಾದ್ದರಿಂದ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಧಾವಿಸುವ ಬಂಡಿಯು ಬ್ರೇಕು ಹಾಕಿದಮೇಲೂ ನೂರಾರು ಮೀಟರ್ ಸಾಗಿಯೇ ನಿಲ್ಲತಕ್ಕದ್ದು. ಕಣ್ಣಿಗೆ ಕಂಡಮೇಲೆ ನಿಲ್ಲಿಸುವೆನೆಂಬುದು ಆಗದ ಮಾತು. ಆದುದರಿಂದ ಮುಂದಣ ಸಂಗತಿಯನ್ನು ಮುಂಚಿತವಾಗಿ ಅರುಹುವ ಸಂಜ್ಞೆಗಳೇ ಅವನಿಗೆ ಕಣ್ಣು.

ಇವುಗಳಲ್ಲಿ ಮೊದಲನೆಯದು ಹಳಿಯ ಪಕ್ಕದ ಹಳದಿ ಫಲಕ. ಅದನ್ನು ಕಂಡಕೂಡಲೆ ಚಾಲಕನು ಸಿಳ್ಳು ಹಾಕುತ್ತ ಸಾಗಬೇಕು. ಆದರೆ ಕಿಟಕಿ ಮುಚ್ಚಿ, ಹಾಡು ಕೇಳುತ್ತ ಬರುವವನಿಗೆ ಸಿಳ್ಳಿನಿಂದೇನು ಫಲ?

ಎರಡನೆಯದು ಗೇಟಿನ ಕೈಮರ. ಗೇಟಿಗೂ ಕೈಮರಕ್ಕೂ ಕೀಲಿಯ ಬಂಧವಿದ್ದಲ್ಲಿ, ಗೇಟು ಮುಚ್ಚಿ ಬೀಗ ಬಿದ್ದಲ್ಲದೆ ಕೈಮರವು ಬಂಡಿಗೆ ದಾರಿ ಕೊಡದು. ಕಾವಲುಗಾರನು ಮರೆತರೂ ಯಂತ್ರವು ಮರೆಯದು. ‘ಜಿ’ ಅಕ್ಷರದ ಫಲಕವುಳ್ಳ ಇಂತಹ ಕೈಮರವು ಕೆಂಪಾಗಿಯೇ ಇದ್ದರೆ, ಚಾಲಕನು ಬಂಡಿಯನ್ನು ನಿಲ್ಲಿಸಿ, ಸಿಳ್ಳು ಹಾಕಿ, ಹಗಲಾದರೆ 1 ನಿಮಿಷ, ಇರುಳಾದರೆ 2 ನಿಮಿಷ ಕಾದು, ಬಳಿಕ ಎಚ್ಚರದಿಂದ ಗೇಟಿನವರೆಗೆ ಸಾಗಿ, ಕಾವಲುಗಾರನ ಕೈಸನ್ನೆಯಂತೆ ದಾಟತಕ್ಕದ್ದೆಂದು ನಿಯಮ. ಇಳಿಯುತ್ತಿರುವ ಗೇಟಿನಡಿ ಒಬ್ಬನು ನುಗ್ಗಿದರೆ ಗೇಟು ಮುಚ್ಚದು. ಗೇಟು ಮುಚ್ಚದಿದ್ದರೆ ಕೈಮರವು ಬಿಡದು. ಒಬ್ಬನ ಆತುರಕ್ಕೆ ಬಂಡಿಯವರೆಲ್ಲರೂ ಕಾಯಬೇಕು.

ಕೀಲಿಯಿಲ್ಲದೆಡೆಗಳಲ್ಲಿ ತೆತ್ತ ಬೆಲೆಯು ದೊಡ್ಡದು. 2018ರ ಏಪ್ರಿಲಿನಲ್ಲಿ ಉತ್ತರ ಪ್ರದೇಶದ ಕುಶೀನಗರ ಜಿಲ್ಲೆಯಲ್ಲಿ, ಕಾವಲಿಲ್ಲದ ದಾಟಿನಲ್ಲಿ, ಶಾಲೆಗೆ ಹೊರಟಿದ್ದ 13 ಮಕ್ಕಳು ಮಡಿದರು. 2019ರ ಜನವರಿಯ ವೇಳೆಗೆ ಬ್ರಾಡ್‌ಗೇಜ್ ಮಾರ್ಗಗಳಿಂದ ಕಾವಲಿಲ್ಲದ ದಾಟುಗಳನ್ನು ತೆಗೆದುಹಾಕಲಾಯಿತು. ಅಷ್ಟರಿಂದಲೇ ಅಪಾಯವು ತೀರಲಿಲ್ಲ. 2025ರ ಜುಲೈಯಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಸೆಮ್ಮಂಕುಪ್ಪದಲ್ಲಿ ಶಾಲೆಯ ವಾಹನಕ್ಕೆ ರೈಲು ಬಡಿದು 3 ಮಕ್ಕಳು ತೀರಿಕೊಂಡರು. ಅಲ್ಲಿ ಕಾವಲುಗಾರನಿದ್ದನು, ಗೇಟನ್ನು ಕೈಮರಕ್ಕೆ ಬಿಗಿಯುವ ಕೀಲಿಯಿರಲಿಲ್ಲ.

ದಶಕಗಳ ಕಾಲ ಮಕ್ಕಳ ಹಾಜರಿ ಕರೆದ ನಮಗೆ ಇವು ಬರಿಯ ಅಂಕೆಗಳಲ್ಲ. ಗೇಟನ್ನು ಅಕ್ರಮವಾಗಿ ತೆರೆದವನಿಗೆ 3 ವರ್ಷ, ಮುರಿದವನಿಗೆ 5 ವರ್ಷದವರೆಗೆ ಸೆರೆಯನ್ನು 1989ರ ರೈಲ್ವೆ ಕಾಯಿದೆಯು ವಿಧಿಸಿದೆ. ಆದರೆ ಸೆರೆಯ ಭಯಕ್ಕಿಂತ ಮನೆಯ ಶಿಕ್ಷಣವು ಮೇಲು. ಗೃಹಸ್ಥರು ತಮ್ಮ ಮಕ್ಕಳೆದುರಿಗೆ ಮುಚ್ಚಿದ ಗೇಟಿನ ಮುಂದೆ ತಾಳ್ಮೆಯಿಂದ ನಿಲ್ಲಲಿ; ಮಕ್ಕಳನ್ನು ಕರೆದೊಯ್ಯುವ ವಾಹನದವನು ಹಾಗೆ ನಿಲ್ಲುವನೋ ಇಲ್ಲವೋ ವಿಚಾರಿಸಿಕೊಳ್ಳಲಿ.