ಸರ್ವಿಸ್ ಆದ ಮಾರನೆಯ ದಿನ

ನಿರ್ವಹಣೆ ಸರಿಯಿಲ್ಲದೆ ಹೆಲಿಕಾಪ್ಟರ್ ಬಿತ್ತು ಎಂದರೆ, ಯಾರೂ ಮುಟ್ಟದೆ ಮೂಲೆಗೆ ಬಿದ್ದಿದ್ದ ಹಳೇ ಯಂತ್ರವನ್ನು ಊಹಿಸಿಕೊಳ್ಳುತ್ತೇವೆ. 2011ರ ಡಿಸೆಂಬರ್ 7ರ ಸಂಜೆ ಅಮೆರಿಕದ ಲಾಸ್ ವೇಗಸ್ ಹತ್ತಿರ ಬಿದ್ದ ಎಎಸ್350 ಅಂಥದ್ದಲ್ಲ. ಹಿಂದಿನ ದಿನವಷ್ಟೇ ಅದರ 100 ತಾಸಿನ ತಪಾಸಣೆ ಆಗಿತ್ತು. ಎಂಜಿನ್ ಬದಲಾಗಿತ್ತು, ಸರ್ವೊಗಳು ಬದಲಾಗಿದ್ದವು. ಪರೀಕ್ಷಾ ಹಾರಾಟವೂ ಸಲೀಸಾಗಿ ಮುಗಿದಿತ್ತು. ಸಂಜೆ ಹೂವರ್ ಅಣೆಕಟ್ಟು ತೋರಿಸಲು ನಾಲ್ವರು ಪ್ರವಾಸಿಗರನ್ನು ಹೊತ್ತು ಹೊರಟಿದ್ದು, ದಾರಿಯಲ್ಲಿ ಇದ್ದಕ್ಕಿದ್ದಂತೆ ಸುಮಾರು 600 ಅಡಿ ಮೇಲೇರಿ, ಎಡಕ್ಕೆ ಹೊರಳಿ, ಬೆಟ್ಟದ ಕೊರಕಲಿಗೆ ಬಿತ್ತು. ಪೈಲಟ್ ಸೇರಿ ಐವರೂ ಸತ್ತರು.

ಹೆಲಿಕಾಪ್ಟರಿನ ಬ್ಲೇಡ್‌ಗಳನ್ನು ಬರಿಯ ತೋಳ್ಬಲದಿಂದ ಓರೆಯಾಗಿಸುವುದು ಕಷ್ಟ. ಪೈಲಟ್ ಕೈಯಲ್ಲಿನ ಕೋಲನ್ನು ಅಲುಗಿಸಿದರೆ ಆ ಚಲನೆ ಸರಳುಗಳ ಮೂಲಕ ಸರ್ವೊಗೆ ತಲಪುತ್ತದೆ. ಸರ್ವೊ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸಾಧನ. ಅದು ಸ್ವಾಶ್‌ಪ್ಲೇಟ್ ಎಂಬ ತಟ್ಟೆಯನ್ನು ಓರೆ ಮಾಡುತ್ತದೆ, ತಟ್ಟೆ ವಾಲಿದಂತೆ ಬ್ಲೇಡ್‌ಗಳ ಕೋನ ಬದಲಾಗುತ್ತದೆ. (2025ರ ಜನವರಿಯಲ್ಲಿ ಪೋರಬಂದರಿನಲ್ಲಿ ನಮ್ಮ ಎಚ್‌ಎಎಲ್ ತಯಾರಿಸಿದ ಧ್ರುವ್ ಹೆಲಿಕಾಪ್ಟರ್ ಬಿದ್ದಾಗ ಸುದ್ದಿಯಲ್ಲಿದ್ದದ್ದು ಇದೇ ಭಾಗ. ಅಲ್ಲಿ ತಟ್ಟೆಯೇ ಬಿರಿದಿತ್ತು; ಅದು ಬೇರೆ ಕಥೆ.) ಎಂಜಿನ್ ಕೆಟ್ಟರೂ ಕೆಳಗಿನಿಂದ ನುಗ್ಗುವ ಗಾಳಿಗೆ ಬ್ಲೇಡ್‌ಗಳು ತಿರುಗುತ್ತಲೇ ಇರುತ್ತವೆ, ಚಾಕಚಕ್ಯತೆಯಿದ್ದರೆ ನೆಲ ಮುಟ್ಟಿಸಬಹುದು. ಸರ್ವೊಗೆ ಹೋಗುವ ಸರಳು ಕಳಚಿದರೆ ಆ ಅವಕಾಶವೂ ಇಲ್ಲ. ಲಾಸ್ ವೇಗಸ್‌ನಲ್ಲಿ ಕಳಚಿದ್ದು ಅದೇ ಸರಳು, ಮುಂದೆ ಹಿಂದೆ ವಾಲಿಸುವ ಸರ್ವೊದ್ದು.

ಆ ಸರಳನ್ನು ಹಿಡಿದಿಟ್ಟದ್ದು ಒಂದು ಬೋಲ್ಟು, ಒಂದು ನಟ್ಟು, ಒಂದು ಸ್ಪ್ಲಿಟ್ ಪಿನ್. ಬೈಕಿನ ಹಿಂಚಕ್ರದ ಅಚ್ಚಿನ ನಟ್ಟಿಗೆ ಅಡ್ಡಲಾಗಿ ತೂರಿಸಿ ಬಾಗಿಸುವ ಕವಲು ತಂತಿ ಇದೆಯಲ್ಲ, ಅಂಥದ್ದೇ. ನಟ್ಟು ತಾನಾಗಿ ಬಿಗಿ ಹಿಡಿಯುವ ಜಾತಿಯದ್ದು. ಬಿಚ್ಚಿ ಹಾಕುತ್ತಾ ಹೋದಂತೆ ಅದರ ಹಿಡಿತ ಸಡಿಲುತ್ತದೆ. ಬೆರಳಿನಿಂದಲೇ ತಿರುಗುವಂತಾದರೆ ಬಿಸಾಡಬೇಕು. ಸವೆದ ನಟ್ಟನ್ನೇ ಮತ್ತೆ ಹಾಕಿದ್ದರು, ಪಿನ್ನನ್ನು ಒಂದೋ ಸರಿಯಾಗಿ ಹಾಕಿರಲಿಲ್ಲ, ಇಲ್ಲವೇ ಹಾಕಿರಲೇ ಇಲ್ಲ ಎಂದು ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ ತೀರ್ಮಾನಿಸಿತು. ಈ ಹೆಲಿಕಾಪ್ಟರಿನ ಮೂರು ಬ್ಲೇಡ್‌ಗಳು ನಿಮಿಷಕ್ಕೆ ಸುಮಾರು 390 ಸುತ್ತು ತಿರುಗುತ್ತವೆ. ಅಂದರೆ ಸೆಕೆಂಡಿಗೆ ಹತ್ತೊಂಬತ್ತು, ಇಪ್ಪತ್ತು ಸಲ ಇಡೀ ಯಂತ್ರ ಅದುರುತ್ತದೆ. ಹಿಡಿತ ಕಳಕೊಂಡ ನಟ್ಟು ಆ ಅದುರಿಗೆ ಎಳೆ ಎಳೆಯಾಗಿ ಹಿಂದೆ ಸರಿಯುತ್ತದೆ. ಪೂರ್ತಿ ಕಳಚುವವರೆಗೆ ಪೈಲಟ್ಟಿಗೆ ಏನೂ ಗೊತ್ತಾಗುವುದಿಲ್ಲ. ಪರೀಕ್ಷಾ ಹಾರಾಟದಲ್ಲಿ ಸಿಕ್ಕಿಬೀಳದೆ ಹೋದದ್ದು ಅದಕ್ಕೇ.

ಮೆಕ್ಯಾನಿಕ್‌ನ ಬೇಜವಾಬ್ದಾರಿ ಎಂದು ಫೈಲು ಮುಚ್ಚುವುದು ಸುಲಭವಿತ್ತು. ಮಂಡಳಿ ಹಾಗೆ ಮಾಡಲಿಲ್ಲ, ಅದು ನನಗೆ ಮೆಚ್ಚುಗೆಯಾದ ಸಂಗತಿ. ಮೆಕ್ಯಾನಿಕ್ಕನ್ನೂ ಅವನ ಕೆಲಸ ಪರಿಶೀಲಿಸುವ ಇನ್‌ಸ್ಪೆಕ್ಟರನ್ನೂ ಮಾಮೂಲಿಗಿಂತ ಬೇಗ ಶುರುವಾಗುವ ಪಾಳಿಗೆ ಹಾಕಿದ್ದರು, ಒಗ್ಗಿಕೊಳ್ಳಲು ಸಮಯವೇ ಸಿಕ್ಕಿರಲಿಲ್ಲ. ಇಬ್ಬರೂ ದಣಿದಿದ್ದರು. ನಟ್ಟು ಹಾಕಿದೆ, ಪಿನ್ ಹಾಕಿದೆ, ನೋಡಿದೆ ಎಂದು ಹಂತಹಂತವಾಗಿ ಗುರುತು ಹಾಕುವ ಪಟ್ಟಿಯೂ ಅವರ ಕೈಯಲ್ಲಿರಲಿಲ್ಲ. ಒಬ್ಬನ ತಪ್ಪನ್ನು ಇನ್ನೊಬ್ಬ ಹಿಡಿಯಲಿ ಎಂದೇ ಇಬ್ಬರನ್ನು ಇಡುವುದು. ಇಬ್ಬರಿಗೂ ನಿದ್ದೆ ಕಡಿಮೆಯಾಗಿದ್ದರೆ ಇಬ್ಬರಿದ್ದೂ ಏನು ಬಂತು?

ಇದಕ್ಕೆ ತಿರುವುಮುರುವಾದ ಪ್ರಕರಣ ಸ್ಕಾಟ್ಲೆಂಡಿನದು. 2009ರ ಮಾರ್ಚ್ 25ರಂದು ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಒಂದರ ಗೇರ್‌ಬಾಕ್ಸಿನ ಅಯಸ್ಕಾಂತಕ್ಕೆ ಲೋಹದ ಚೂರೊಂದು ಅಂಟಿಕೊಂಡಿತ್ತು. ಗೇರು ಬಿರಿಯುತ್ತಿದ್ದರೆ ಚೂರು ಎಣ್ಣೆಯಲ್ಲಿ ತೇಲಿ ಬಂದು ಸಿಗಲಿ ಎಂದೇ ಆ ಅಯಸ್ಕಾಂತ ಇರುವುದು. ತಯಾರಕರ ಜತೆ ಫೋನು, ಈಮೇಲು ಓಡಾಡಿದವು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆಯಾಗಿ ಅರ್ಥವಾಯಿತು, ಗೇರ್‌ಬಾಕ್ಸಿನಲ್ಲಿ ಚೂರು ಸಿಕ್ಕ ಭಾಗವನ್ನು ಬಿಚ್ಚಿ ನೋಡಲಿಲ್ಲ. ಏಪ್ರಿಲ್ 1ರಂದು ಆ ಹೆಲಿಕಾಪ್ಟರ್ ಉತ್ತರ ಸಮುದ್ರಕ್ಕೆ ಬಿದ್ದು 16 ಜನ ಸತ್ತರು. ಒಂದು ಕಡೆ ಬಿಚ್ಚಿದ್ದನ್ನು ನೆಟ್ಟಗೆ ಜೋಡಿಸಲಿಲ್ಲ, ಇನ್ನೊಂದು ಕಡೆ ಬಿಚ್ಚಬೇಕಾದ್ದನ್ನು ಬಿಚ್ಚಲಿಲ್ಲ.

ಲಾಸ್ ವೇಗಸ್ ತನಿಖೆಯ ಕೊನೆಗೆ ಮಂಡಳಿ ಕೇಳಿದ್ದು ಹೊಸ ಬಗೆಯ ನಟ್ಟನ್ನಲ್ಲ. ಮೆಕ್ಯಾನಿಕ್‌ಗಳ ಕೆಲಸದ ತಾಸಿಗೆ ಮಿತಿ ಬೇಕು, ಪಾಳಿ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಎಷ್ಟು ಸಲ ಬದಲಾಗುತ್ತದೆ ಎಂಬುದೂ ಆ ಲೆಕ್ಕಕ್ಕೆ ಬರಬೇಕು ಎಂದು ವಿಮಾನಯಾನ ಆಡಳಿತಕ್ಕೆ ಬರೆಯಿತು.